ಉಳ್ಳಾಗಡ್ಡಿ ಸಿಹಿ ಇರಬೇಕು ಅಂತ ಹೇಳಿದವರು ಯಾರು?

ಈ ಸಲ ಅಡಗಿ ಬರಿಯಂಗಿಲ್ಲ, ಜಗಳ ಬರೀತೀನಿ. ಜಗಳ ನಿಮ್ಮ ಮ್ಯಾಲಲ್ಲ, ಒಂದು ಮಾತಿನ ಮ್ಯಾಲೆ. ಆ ಮಾತು ನೀವೂ ಕೇಳಿರತೀರಿ. “ನಮ್ಮ ಕಡಿ ಉಳ್ಳಾಗಡ್ಡಿ ಬರೇ ಘಾಟು, ಕಣ್ಣಾಗ ನೀರು ತರಸತೈತಿ. ಬೆಂಗಳೂರಾಗ ಸಿಹಿ ಉಳ್ಳಾಗಡ್ಡಿ ಸಿಗತಾವು, ಹಣ್ಣಿನಂಗ ಕಡಕೊಂಡು ತಿನ್ನಬಹುದು. ನಮ್ಮೋರಿಗೆ ಅಂಥಾವು ಬೆಳಿಯಾಕ ಬರಲ್ಲ.” ಲಗ್ನದ ಮನಿಯಾಗ ಕೂತು ಉಳ್ಳಾಗಡ್ಡಿ ಹೆಚ್ಚೋ ಮುಂದ ಒಬ್ಬರಲ್ಲ ಒಬ್ಬರು ಇದನ್ನ ಹೇಳೇ ಹೇಳತಾರ. ಹೇಳಿದವರು ಬೆಂಗಳೂರಿನಿಂದ ಬಂದವರಾದ್ರ ಉಳಿದವರೆಲ್ಲ ಹೌದು ಹೌದು ಅಂತ ತಲಿ ಹಾಕತೀವಿ.

ನಾನು ತಲಿ ಹಾಕಂಗಿಲ್ಲ. ಘಾಟು ಇರೋದು ನಮ್ಮ ಗಡ್ಡಿಯ ತಪ್ಪಲ್ಲ, ಅದರ ಗುಣ. ಸಿಹಿ ಹಿಂದ ಓಡಿದ್ರ ವರ್ಷದ ಉಳ್ಳಾಗಡ್ಡಿ ಮನಿಯಾಗ ಉಳಿಯಂಗಿಲ್ಲ. ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಉಳ್ಳಾಗಡ್ಡಿ ಬೆಳಿಯೋ ಊರಾಗ ಕುಂತು, ದಸರಾ ದೀಪಾವಳಿ ಬಂದ್ರ ಅಂಗಡಿಯಾಗ ಒಂದು ಕಿಲೋ, ಅರ್ಧ ಕಿಲೋ ಅಂತ ತೂಗಿಸಿಕೊಂಡು ಬರತೀವಲ್ಲ, ಇದು ನಾವು ಹೆಣ್ಮಕ್ಕಳು ನಿಲ್ಲಿಸಬೇಕಾದ ಕೆಲಸ. ಗಂಡಸರು ನಿಲ್ಲಸಂಗಿಲ್ಲ, ನಾನು ಬರದುಕೊಡತೀನಿ.

ಮೊದಲು ಸಿಹಿ ಅಂದ್ರ ಏನು ನೋಡೋಣ. ಸಿಹಿ ಉಳ್ಳಾಗಡ್ಡಿಯಾಗ ಸಕ್ಕರಿ ಜಾಸ್ತಿ ಇರತೈತಿ ಅಂತ ಎಲ್ಲಾರೂ ತಿಳಕೊಂಡಾರ. ಹಂಗೇನಿಲ್ರೀ. ಘಾಟಿನ ಗಡ್ಡಿಯಾಗೂ ಅಷ್ಟೇ ಸಕ್ಕರಿ ಇರತೈತಿ, ಒಮ್ಮೊಮ್ಮೆ ಇನ್ನೂ ಜಾಸ್ತಿನೇ. ಫರಕು ಇರೋದು ಗಂಧಕದಾಗ. ಮಣ್ಣಿನಾಗಿನ ಗಂಧಕವನ್ನ ಬೇರು ಹೀರಿ ಗಡ್ಡಿಯೊಳಗ ಕೂಡಿಡತೈತಿ. ಹೆಚ್ಚದ ಗಡ್ಡಿ ಮೂಸಿ ನೋಡ್ರಿ, ಏನೂ ಅಷ್ಟು ವಾಸನಿ ಇರಲ್ಲ. ಈಳಿಗಿಗೆ ಇಟ್ಟ ಕೂಡಲೇ ಒಳಗಿನ ಸಣ್ಣ ಸಣ್ಣ ಕೋಶ ಒಡದು, ಬ್ಯಾರೆ ಬ್ಯಾರೆ ಇದ್ದ ರಸ ಒಂದಕ್ಕೊಂದು ಕೂಡಿ ಗಂಧಕದ ಆವಿ ಏಳತೈತಿ. ಅದೇ ಕಣ್ಣು ಉರಸೋದು. ಆ ಆವಿ ಹುಟ್ಟಸೋ ಕಿಣ್ವ ಯಾವುದು ಅಂತ ಜಪಾನಿನ ವಿಜ್ಞಾನಿಗಳು 2002ರಾಗ ಕಂಡುಹಿಡದರು. ನಾವು ದಿನಾ ಅಳೋದರ ಕಾರಣ ಹುಡುಕಾಕ ಅಷ್ಟು ವರ್ಷ ಬೇಕಾತು.

ಸಿಹಿ ಅನ್ನೋ ಗಡ್ಡಿಯಾಗ ಈ ಗಂಧಕ ಕಡಿಮಿ, ನೀರು ಜಾಸ್ತಿ. ಘಾಟು ಇಲ್ಲದ್ದಕ್ಕ ಇದ್ದ ಸಕ್ಕರಿ ನಾಲಿಗಿಗೆ ಗೊತ್ತಾಗತೈತಿ, ಅಷ್ಟೇ. ನಮ್ಮ ಘಾಟಿನ ಗಡ್ಡಿನೇ ಸಣ್ಣ ಉರಿ ಮ್ಯಾಲೆ ಎಣ್ಣಿಯಾಗ ಬಾಡಿಸಿ ನೋಡ್ರಿ. ಘಾಟು ಹಾರಿಹೋಗಿ, ಒಳಗಿದ್ದ ಸಿಹಿ ಹೊರಗ ಬಂದು ಕೆಂಪಗ ಆಗತೈತಿ. ನೀರಿನ ಗಡ್ಡಿ ಬಾಡಿಸಿದ್ರ ಬಾಣಲಿ ತುಂಬ ನೀರು ಬಿಟ್ಟು ಬೇಯತೈತಿ. ಮಂಡಕ್ಕಿ ಒಗ್ಗರಣಿಗೆ ಅಂಥಾದ್ದು ಹಾಕಿದ್ರ ಮಂಡಕ್ಕಿ ಮೆತ್ತಗಾಗಿ ಅಂಬಲಿ ಆಗತಾವು. ಜ್ವಾಳದ ರೊಟ್ಟಿ, ಗುರೆಳ್ಳು ಚಟ್ನಿ ಜೋಡಿ ಕಡಕೊಳ್ಳಾಕ ಗುದ್ದಿ ಒಡದ ಉಳ್ಳಾಗಡ್ಡಿಯಾಗ ಘಾಟು ಇಲ್ಲ ಅಂದ್ರ, ಸೌತಿಕಾಯಿನೇ ತಿನ್ನಬಹುದಲ್ಲ!

ಅಂದ್ರ ಸಿಹಿ ಗಡ್ಡಿ ಕೆಟ್ಟದ್ದು ಅಂತ ನಾನು ಅನ್ನಂಗಿಲ್ಲ. ಅದರದ್ದೂ ಒಂದು ಊರು ಐತಿ, ಒಂದು ಮಣ್ಣು ಐತಿ. ಅಮೆರಿಕದಾಗ ಜಾರ್ಜಿಯಾ ಅನ್ನೋ ರಾಜ್ಯದಾಗ ವಿಡೇಲಿಯಾ ಅಂತ ಊರು. ಅಲ್ಲಿ ಮಣ್ಣು ಉಸುಕು, ಗಂಧಕ ಕಡಿಮಿ. 1930ರ ಸುಮಾರಿಗೆ ಅಲ್ಲಿಯ ರೈತರಿಗೆ ತಾವು ಬೆಳದ ಉಳ್ಳಾಗಡ್ಡಿ ಯಾಕೋ ಘಾಟಿಲ್ಲ ಅಂತ ಗೊತ್ತಾತು. ಅದನ್ನೇ ಹೆಸರು ಮಾಡಿ ಮಾರಿದರು. 1986ರಾಗ ಆ ರಾಜ್ಯದವರು ಕಾಯಿದಿನೇ ಮಾಡಿ, ಇಷ್ಟು ಸೀಮಿಯೊಳಗ ಬೆಳದದ್ದಕ್ಕ ಮಾತ್ರ ಆ ಹೆಸರು ಅಂದರು. ಅದೇ ಬೀಜ ಬ್ಯಾರೆ ಕಡಿ ಹಾಕಿದ್ರ ಆ ಹೆಸರು ಹೇಳಂಗಿಲ್ಲ. ಅವರಿಗೆ ತಮ್ಮ ಮಣ್ಣಿನ ಬೆಲಿ ಗೊತ್ತೈತಿ.

ಅಷ್ಟು ದೂರ ಯಾಕ, ನಮ್ಮ ಕುಮಟಾ ನೋಡ್ರಿ. ಗೋಕರ್ಣಕ್ಕ, ಮುರ್ಡೇಶ್ವರಕ್ಕ ಹೋದವರು ನೋಡಿರತೀರಿ. ಬ್ಯಾಸಗಿ ದಿನದಾಗ ಅಳ್ವೇಕೋಡಿ ಕಡಿ ಹೈವೇ ಬಾಜು ಉಳ್ಳಾಗಡ್ಡಿ ಜಡಿ ಸಾಲಾಗಿ ತೂಗಬಿಟ್ಟಿರತಾರ. ಭತ್ತ ಕೊಯ್ದ ಗದ್ದಿಯಾಗ ಅದನ್ನ ಬೆಳೀತಾರ. ಅಲ್ಲಿಯವರು ಅದಕ್ಕ ನೀರುಳ್ಳಿ ಅಂತಾರ. ಘಾಟು ಕಡಿಮಿ, ರುಚಿ ಸಿಹಿ. ಆದ್ರ ಒಂದು ಮಾತು ಗಮನಿಸ್ರಿ. ಸಿಹಿ ಗಡ್ಡಿ ಐತಿ ಅಂತ ಅವರು ಚೀಲದಾಗ ತುಂಬಿ ಮೂಲಿಗೆ ಒಗಿಯಂಗಿಲ್ಲ. ತೊಪ್ಪಲು ಒಣಗಿಸಿ, ತೊಪ್ಪಲಿಗೆ ತೊಪ್ಪಲು ಹೆಣದು ಜಡಿ ಮಾಡಿ, ಗಾಳಿಗೆ ತೂಗಹಾಕತಾರ. ಮನಿಯವರು ಮಳಿಗಾಲಕ್ಕ ಅಂತ ಮೊದಲೇ ತಗೊಂಡು ಇಟಗೊಳ್ಳತಾರ. ಕರಾವಳಿ ಮಳಿಯಾಗ, ಆ ಥಂಡಿಯಾಗ ಅವರು ಕಾಯ್ದು ಇಟಗೊಳ್ಳತಾರ. ನಮ್ಮ ಒಣ ಹವಾದಾಗ ಕುಂತು ನಾವು “ಇರಲ್ಲಕ್ಕಾ, ಕೊಳೀತಾವು” ಅಂತೀವಿ.

ನಮ್ಮ ಮಲ್ಲಿಗಿನೇ ತಗೋರಿ. ಹಡಗಲಿ ಮಲ್ಲಿಗಿಗೆ ಭೌಗೋಳಿಕ ಸೂಚಿ ಸಿಕ್ಕೈತಿ. ಯಾರರ ಬಂದು “ನಿಮ್ಮ ಮಲ್ಲಿಗಿ ವಾಸನಿ ಭಾಳ ಆತು, ಸ್ವಲ್ಪ ಕಡಿಮಿ ವಾಸನಿದು ಬೆಳೀರಿ” ಅಂದ್ರ ನಾವು ಸುಮ್ಮನಿರತೀವೇನು? ಮಲ್ಲಿಗಿಗೆ ವಾಸನಿ ಹೆಂಗೋ ಉಳ್ಳಾಗಡ್ಡಿಗೆ ಘಾಟು ಹಂಗ. ತಮಿಳುನಾಡಿನಾಗ ದಪ್ಪ ಉಳ್ಳಾಗಡ್ಡಿಗೆ ಇವತ್ತಿಗೂ ‘ಬಳ್ಳಾರಿ ವೆಂಗಾಯಂ’ ಅಂತ ಕರೀತಾರ. 2021ರಾಗ ವಿಜಯನಗರ ಜಿಲ್ಲೆ ಆಗೋ ತನಕ ನಾವೆಲ್ಲ ಬಳ್ಳಾರಿಯವರೇ. ಬ್ಯಾರೆ ರಾಜ್ಯದವರು ನಮ್ಮ ಹೆಸರಿನಿಂದ ಕರಿಯೋ ಗಡ್ಡಿಯನ್ನ ನಾವೇ ಹಳೀತೀವಿ.

2019ರಾಗ ಏನಾತು ನೆನಪು ಮಾಡಿಕೊಳ್ರಿ. ಮಳಿ ಹೆಚ್ಚಾಗಿ ಮಹಾರಾಷ್ಟ್ರದಾಗ, ನಮ್ಮ ರಾಜ್ಯದಾಗ ಬೆಳಿ ಕೊಳೀತು. ಸೆಪ್ಟೆಂಬರ್ ಕೊನಿಗೆ ಸರಕಾರ ರಫ್ತು ನಿಲ್ಲಿಸಿತು. ಆದರೂ ಡಿಸೆಂಬರ್‌ದಾಗ ಕಿಲೋಕ್ಕ 100 ರೂಪಾಯಿ ದಾಟಿತು. ಆಗ ಈಜಿಪ್ಟ್, ಟರ್ಕಿ ದೇಶದಿಂದ ಹಡಗಿನಾಗ ಉಳ್ಳಾಗಡ್ಡಿ ತರಸಿದರು. ನೋಡಾಕ ಒಂದೊಂದು ತೆಂಗಿನಕಾಯಿಯಂಗ, ರುಚಿ ನಮ್ಮ ಅಡಗಿಗೆ ಹೊಂದಲಿಲ್ಲ. ಕೇಳಿದ್ದ ರಾಜ್ಯಗಳೇ ಆಮ್ಯಾಲೆ ನಮಗ ಬ್ಯಾಡ ಅಂದವು. ನೂರು ರೂಪಾಯಿ ಕಾಲದಾಗೂ ಜನ ಬ್ಯಾಡ ಅಂದರು ಅಂದ್ರ, ನಮ್ಮ ನಾಲಿಗಿ ಯಾವ ಗಡ್ಡಿ ಕೇಳತೈತಿ ಅನ್ನೋದಕ್ಕ ಬ್ಯಾರೆ ಸಾಕ್ಷಿ ಬೇಕೇನು?

ಇನ್ನ ಬೀಜದ ಪಾಕೀಟಿನ ಮಾತು. ಮಕ್ಕಳು ಅಮೆರಿಕದಾಗ ಇರೋ ಮನಿಯಾಗ ಈಗ ಇದೊಂದು ಶುರುವಾಗೈತಿ. ಬರೋ ಮುಂದ ಚಂದನ ಚಿತ್ರ ಇರೋ ಸಿಹಿ ಉಳ್ಳಾಗಡ್ಡಿ ಬೀಜದ ಪಾಕೀಟು ತರತಾರ. ಹಿತ್ತಲದಾಗ ಹಾಕಿದ್ರ ತೊಪ್ಪಲು ಸೊಂಪಾಗಿ ಬರತೈತಿ, ಕೆಳಗ ಗಡ್ಡಿನೇ ಕಟ್ಟಂಗಿಲ್ಲ. “ಅತ್ತಿಗೆ ನೀರು ಹಾಕಾಕ ಬರಲಿಲ್ಲ” ಅಂತ ಮಾತು ಬರತೈತಿ. ಅತ್ತಿ ತಪ್ಪಲ್ಲ ಅದು! ಉಳ್ಳಾಗಡ್ಡಿ ಗಡ್ಡಿ ಕಟ್ಟೋದು ಹಗಲಿನ ಉದ್ದ ನೋಡಿಕೊಂಡು. ಅಮೆರಿಕದ ಉತ್ತರಕ್ಕ, ಯುರೋಪಿಗೆ ಆಗೋ ತಳಿಗೆ ದಿನಕ್ಕ 14 ತಾಸಿಗಿಂತ ಜಾಸ್ತಿ ಹಗಲು ಬೇಕು. ವಾಲಾ ವಾಲಾ ಅಂತ ಹೆಸರಾದ ಸಿಹಿ ತಳಿ ಐತಿ, ಅದು ಅಂಥಾದ್ದೇ. ನಮ್ಮಲ್ಲಿ ಬ್ಯಾಸಗಿಯಾಗ ಅತೀ ದೊಡ್ಡ ಹಗಲು ಅಂದ್ರೂ 13 ತಾಸು. ನೀವು ಹಾಲು ಹಾಕಿ ಬೆಳಸಿದ್ರೂ ಅದು ಗಡ್ಡಿ ಕಟ್ಟಂಗಿಲ್ಲ. ನಮ್ಮ ದೇಶದ ಬಯಲು ಸೀಮಿ ತಳಿಗೆಲ್ಲ 10ರಿಂದ 12 ತಾಸು ಹಗಲು ಸಾಕು. ಪಾಕೀಟು ತಂದವರ ಪ್ರೀತಿ ದೊಡ್ಡದು, ಒಪ್ಪತೀನಿ. ಆದ್ರ ಸೂರ್ಯನನ್ನ ಪಾಕೀಟಿನಾಗ ಹಾಕಿಕೊಂಡು ಬರಾಕ ಆಗಲ್ಲ.

ಈಗ ನಿಜವಾದ ಜಗಳಕ್ಕ ಬರತೀನಿ. ನಮ್ಮ ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮಿಯಾಗ ಉಳ್ಳಾಗಡ್ಡಿ ಅಂದ್ರ ಮುಂಗಾರಿ ಬೆಳಿ. ಜೂನ್ ಹೊತ್ತಿಗೆ ಬಿತ್ತಿ, ದಸರಾ ಆಜುಬಾಜು ಕೀಳೋದು. ಬಿತ್ತೋದು ಬಿಟ್ರ ಮುಂದಿನದ್ದೆಲ್ಲ ನಮ್ಮ ಕೈಯಾಗ. ಕಳೆ ತಗಿಯೋರು ನಾವು, ಕೀಳೋರು ನಾವು, ತೊಪ್ಪಲು ಕೊಯ್ಯೋರು ನಾವು, ಸಣ್ಣು ದಪ್ಪು ಆರಿಸೋರು ನಾವು. ಚೀಲ ಹೊಲದು ಲಾರಿ ಹತ್ತಿದ ಮ್ಯಾಲೆ ಮಾತ್ರ ಅದು ಗಂಡಸರ ಬೆಳಿ ಆಗತೈತಿ. ರೇಟು ಎಷ್ಟು ಬಂತು, ಯಾರಿಗೆ ಕೊಟ್ಟರು, ಯಾವ ಸಾಲಕ್ಕ ಹೋತು, ನಮಗ ಹೇಳೋರಿಲ್ಲ. ಮನಿಗೆ ಅಂತ ಉಳಿಸೋದು ಏನು? ಜೋಡಗಡ್ಡಿ, ಒಡಕು, ಕುತ್ತಿಗಿ ದಪ್ಪ ಇರೋವು, ವ್ಯಾಪಾರಿ ಬ್ಯಾಡ ಅಂದು ತಗದು ಒಗದದ್ದು. ಊರಿಗೆ ಉಪಕಾರಿ, ಮನಿಗೆ ಮಾರಿ ಅನ್ನೋದು ಇದಕ್ಕೇ. ಆ ಒಗದ ಗಡ್ಡಿ ಮೂರು ವಾರದಾಗ ಕೊಳತರ, “ನಿನಗ ಇಡಾಕ ಬರಲಿಲ್ಲ” ಅನ್ನೋ ಮಾತು ಮತ್ತ ನಮಗೇ.

ಅಷ್ಟು ಮಾಡಿ ಎಲ್ಲಾ ಮಾರಿದ್ದರಿಂದ ಏನು ಬಂಗಾರ ಬರತೈತಿ? 2022ರ ನವೆಂಬರ್‌ದಾಗ ಪೇಪರಿನಾಗ ಬಂದದ್ದು ನೀವು ಓದಿರಬೇಕು. ಗದಗ ಜಿಲ್ಲೆಯ ಒಬ್ಬ ರೈತರು 205 ಕಿಲೋ ಉಳ್ಳಾಗಡ್ಡಿ ಯಶವಂತಪುರ ಮಾರ್ಕೆಟ್ಟಿಗೆ ಒಯ್ದರು, 400 ಕಿಲೋಮೀಟರಿಗಿಂತ ದೂರ. ಕ್ವಿಂಟಲಿಗೆ 200 ರೂಪಾಯಿ ಲೆಕ್ಕದಾಗ 410 ರೂಪಾಯಿ ಆತು. ಹಮಾಲಿ 24 ರೂಪಾಯಿ, ಲಾರಿ ಬಾಡಿಗಿ 377 ರೂಪಾಯಿ 64 ಪೈಸೆ ಮುರದರು. ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಎಂಟು ರೂಪಾಯಿಗೆ ಒಂದು ಚಾ ಸಿಗೋದೂ ಕಷ್ಟ. ಅಂಥಾ ವರ್ಷ ಎರಡು ಚೀಲ ಮನಿಯಾಗ ಇಟಗೊಂಡಿದ್ರ ಏನು ಹೋಗತಿತ್ತು? ಏನೂ ಇಲ್ಲ. ರೇಟು ಇದ್ದ ವರ್ಷ ಎರಡು ಚೀಲ ಇಟಗೊಂಡ್ರ ಏನು ಹೋಗತೈತಿ? ಒಂದಿಷ್ಟು ರೊಕ್ಕ ಹೋಗತೈತಿ, ಖರೆ. ಆದ್ರ ಅಂಥಾ ವರ್ಷನೇ ಅಂಗಡಿಯಾಗ ತರೋದೂ ತುಟ್ಟಿ.

“ಅಲ್ಲಕ್ಕಾ, ಇಟ್ರ ಇರಬೇಕಲ್ಲ?” ಅಂತೀರಿ. ಬರೋಬ್ಬರಿ ಪ್ರಶ್ನೆ ಕೇಳಿದಿರಿ. ಮುಂಗಾರಿ ಗಡ್ಡಿ ಹೆಚ್ಚು ದಿನ ಇರಂಗಿಲ್ಲ. ಮಳಿಯಾಗ ಬೆಳದು, ಮಳಿಯಾಗ ಕಿತ್ತು, ಹಸಿ ಕುತ್ತಿಗಿಯಿಂದ ಚೀಲ ಸೇರತೈತಿ. ತಿಂಗಳು, ಒಂದೂವರಿ ತಿಂಗಳು ಇದ್ರ ಪುಣ್ಯ. ಅದು ನಿಮ್ಮ ಕೈ ದೋಷ ಅಲ್ಲ, ಹಂಗಾಮಿನ ಗುಣ. ವರ್ಷದ ಮನಿ ಖರ್ಚಿಗೆ ಬೇಕಾದದ್ದು ಹಿಂಗಾರಿ-ಬ್ಯಾಸಗಿ ಗಡ್ಡಿ. ಅಕ್ಟೋಬರ್ ಕೊನಿಗೆ ಮಡಿಯಾಗ ಬೀಜ ಹಾಕಿ, ಡಿಸೆಂಬರ್‌ದಾಗ ಸಸಿ ಹಚ್ಚಿ, ಮಾರ್ಚ್-ಏಪ್ರಿಲ್‌ದಾಗ ಕೀಳೋದು. ಒಣ ಹವಾದಾಗ ಬಲಿತು ಬರೋದರಿಂದ ಅದರ ಸಿಪ್ಪಿ ಬಿಗಿ, ಕುತ್ತಿಗಿ ಸಣ್ಣ. ನೆಟ್ಟಗ ಒಣಗಿಸಿ ಇಟ್ರ ನಾಕು ತಿಂಗಳು, ಐದು ತಿಂಗಳು ಇರತೈತಿ.

ತಳಿ ಆರಿಸೋ ಮುಂದನೂ ಇದೇ ಲೆಕ್ಕ. ಅಂಗಡಿಯಾಗ “ಚಲೋ ಬೀಜ ಕೊಡ್ರಿ” ಅಂದ್ರ ದಪ್ಪ ಬರೋದು, ತೂಕ ಬರೋದು ಕೊಡತಾರ. ನೀವು ಕೇಳಬೇಕಾದ್ದು ಬ್ಯಾರೆ: “ಯಾವ ಹಂಗಾಮಿಂದು? ಎಷ್ಟು ತಿಂಗಳು ಇರತೈತಿ?” ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಕಲ್ಯಾಣ್ ಮುಂಗಾರಿಗೆ ಮಾಡಿದ್ದು. ಅವರದ್ದೇ ಅರ್ಕಾ ನಿಕೇತನ್ ಹಿಂಗಾರಿಗೆ, ಘಾಟೂ ಐತಿ, ಇಟ್ರ ಇರತೈತಿ. ಪುಣೆ ಹತ್ತಿರ ರಾಜಗುರುನಗರದಾಗ ಉಳ್ಳಾಗಡ್ಡಿ ಬೆಳ್ಳುಳ್ಳಿಗೆ ಅಂತನೇ ಒಂದು ಸಂಶೋಧನಾ ಕೇಂದ್ರ ಐತಿ. ಅವರ ಭೀಮಾ ಕಿರಣ್, ಭೀಮಾ ಶಕ್ತಿ ಇಡಾಕ ಹೆಸರಾದವು, ಭೀಮಾ ಸೂಪರ್ ಮುಂಗಾರಿದು, ಬೇಗ ಖರ್ಚು ಮಾಡಬೇಕು. ಹೆಸರು ಒಂದೇ ಥರ ಕೇಳಸತಾವು, ಗುಣ ಒಂದೇ ಅಲ್ಲ. ಪಾಕೀಟಿನ ಮ್ಯಾಲಿನ ತಾರೀಖೂ ನೋಡ್ರಿ. ಉಳ್ಳಾಗಡ್ಡಿ ಬೀಜ ಒಂದು ವರ್ಷ ದಾಟಿದ್ರ ಮೊಳಕಿ ಶಕ್ತಿ ಕಳಕೊಳ್ಳತೈತಿ. ಹಸಿ ಅರಬಿಯಾಗ ಐವತ್ತು ಕಾಳು ಎಣಿಸಿ ಕಟ್ಟಿಡ್ರಿ, ಎಂಟು ಹತ್ತು ದಿನದಾಗ ಎಷ್ಟು ಮೊಳಕಿ ಬಂದವು ಎಣಿಸ್ರಿ. ಮೂವತ್ತೈದಕ್ಕಿಂತ ಕಡಿಮಿ ಬಂದ್ರ ಆ ಬೀಜ ನೆಚ್ಚಿ ಮಡಿ ಮಾಡಬ್ಯಾಡ್ರಿ.

ಎಷ್ಟು ಜಾಗ ಬೇಕು ಅಂತ ಹೆದರಬ್ಯಾಡ್ರಿ. ಲೆಕ್ಕ ಹಾಕೋಣ. ಐದಾರು ಮಂದಿ ಮನಿಗೆ ದಿನಕ್ಕ ಕಾಲು ಕಿಲೋ ಹಿಡೀರಿ. ತಿಂಗಳಿಗೆ ಏಳೂವರಿ ಕಿಲೋ, ಏಪ್ರಿಲ್‌ದಿಂದ ಸೆಪ್ಟೆಂಬರ್ ತನಕ ಆರು ತಿಂಗಳಿಗೆ 45 ಕಿಲೋ. ಇಟ್ಟದ್ದರಾಗ ಒಣಗಿ, ಕೊಳತು, ಮೊಳತು ಮೂರರಾಗ ಒಂದು ಪಾಲು ಹೋಗತೈತಿ ಅಂತ ಹಿಡದರೂ 70 ಕಿಲೋ ಇದ್ರ ಸಾಕು. ಚಲೋ ನೋಡಿಕೊಂಡ್ರ ಎಕರೆಕ್ಕ 80, 100 ಕ್ವಿಂಟಲ್ ಬರೋ ಬೆಳಿ ಇದು, ಅಂದ್ರ ಗುಂಟೆಕ್ಕ ಎರಡು ಕ್ವಿಂಟಲ್. ಅರ್ಧ ಗುಂಟೆ ಜಾಗ, 50 ಗ್ರಾಂ ಬೀಜ ನಿಮಗ ಧಾರಾಳ ಆತು. ಸಾಲಿಂದ ಸಾಲಿಗೆ ಆರು ಇಂಚು, ಸಸಿಯಿಂದ ಸಸಿಗೆ ನಾಕು ಇಂಚು ಬಿಟ್ಟು ಹಚ್ಚಿದ್ರ ಮಧ್ಯಮ ಗಾತ್ರದ ಗಡ್ಡಿ ಬರತಾವು. ಮಧ್ಯಮ ಗಡ್ಡಿನೇ ಇಡಾಕ ಚಲೋ. ಮುಷ್ಟಿಗಿಂತ ದೊಡ್ಡವು ನೋಡಾಕ ಚಂದ, ಮೊದಲು ಕೊಳಿಯೋವೂ ಅವೇ.

ಹೊಲದಾಗ ಮಾಡೋ ಎರಡು ಕೆಲಸ ಮನಿಯಾಗ ಇಡೋದನ್ನ ಕೆಡಸತಾವು. ಒಂದು, ಗಡ್ಡಿ ದಪ್ಪ ಆಗಲಿ ಅಂತ ಕಡೀಕ ಯೂರಿಯಾ ಒಗಿಯೋದು. ತೊಪ್ಪಲು ಹಸಿರಾಗೇ ಉಳದು ಕುತ್ತಿಗಿ ದಪ್ಪ ಆಗತೈತಿ, ಆ ಕುತ್ತಿಗಿ ಒಳಗಿಂದನೇ ಕೊಳೆ ಇಳೀತೈತಿ. ಇನ್ನೊಂದು, ಕೀಳೋ ಹಿಂದಿನ ದಿನದ ತನಕ ನೀರು ಬಿಡೋದು. ತೂಕ ಬರತೈತಿ ಅಂತ ಬಿಡತಾರ. ತೂಕ ಬರೋದು ನೀರಿಂದು, ಆ ನೀರು ನಿಮ್ಮ ಮನಿ ಮೂಲಿಯಾಗ ನಾರತೈತಿ. ಮನಿ ಪಾಲಿನ ಮಡಿಗೆ ಕೀಳೋ 10-15 ದಿನ ಮೊದಲು ನೀರು ನಿಲ್ಲಸ್ರಿ. ಅರ್ಧದಷ್ಟು ಸಸಿಯ ತೊಪ್ಪಲು ತಾನೇ ಬಗ್ಗಿ ಮಲಗಿದಾಗ ಕೀಳ್ರಿ.

ಕಿತ್ತ ಮ್ಯಾಲೆ ನೋಡ್ರಿ, ಇಲ್ಲೇ ನಮ್ಮ ಅವಸರ ನಮ್ಮನ್ನ ಕೆಡಸೋದು. ಕಿತ್ತ ಕೂಡಲೇ ತೊಪ್ಪಲು ಕೊಯ್ಯಬ್ಯಾಡ್ರಿ. ಸಾಲಾಗಿ ಹಾಸಿ, ಒಂದರ ಗಡ್ಡಿ ಮ್ಯಾಲೆ ಇನ್ನೊಂದರ ತೊಪ್ಪಲು ಬರೋ ಹಂಗ ಮುಚ್ಚಿ, ಮೂರರಿಂದ ಐದು ದಿನ ಹೊಲದಾಗ ಬಿಡ್ರಿ. ಬಿಸಿಲು ನೇರ ಗಡ್ಡಿಗೆ ಬಿದ್ರ ಸುಟ್ಟು ಬಿಳಿ ಕಲಿ ಬೀಳತಾವು. ಆಮ್ಯಾಲೆ ಒಂದು ಇಂಚು ಕುತ್ತಿಗಿ ಉಳಿಸಿ ಕೊಯ್ಯಿರಿ. ಬೋಳಿಸಿದಂಗ ಕೊಯ್ದರ ಬಾಯಿ ತಗದ ಗಾಯ ಅದು, ರೋಗ ಅಲ್ಲಿಂದನೇ ಒಳಗ ಹೋಗತೈತಿ. ಕೊಯ್ದ ಮ್ಯಾಲೆ ಹತ್ತು ದಿನ ನೆರಳಾಗ, ಗಾಳಿ ಆಡೋ ಕಡಿ ಹರವ್ರಿ. ಕುತ್ತಿಗಿ ಎರಡು ಬೆರಳಾಗ ಹಿಚುಕಿದ್ರ ಜಾರಬಾರದು, ಸಿಪ್ಪಿ ಮುಟ್ಟಿದ್ರ ಚರಚರ ಸಪ್ಪಳ ಆಗಬೇಕು. ಅಷ್ಟಾದ ಮ್ಯಾಲೆ ಜೋಡಗಡ್ಡಿ, ಗುದ್ದಲಿ ತಾಗಿದ್ದು, ಹೂವಿನ ದಂಟು ಬಿಟ್ಟದ್ದು ಬ್ಯಾರೆ ತಗದು ಮೊದಲು ಅವನ್ನ ಅಡಗಿಗೆ ಖಾಲಿ ಮಾಡ್ರಿ.

ಇನ್ನ ಫ್ರಿಜ್ಜಿನ ಮಾತು. ಉಳ್ಳಾಗಡ್ಡಿ ಥಂಡಿಯಾಗ ಇಟ್ರ ಚಲೋ ಇರತೈತಿ ಅಂತ ಹೊಸ ಮಂದಿ ಫ್ರಿಜ್ಜಿನ ಕೆಳಗಿನ ಡಬ್ಬಿಯಾಗ ತುಂಬತಾರ. ಉಳ್ಳಾಗಡ್ಡಿಗೆ ಎರಡೇ ಹವಾ ಆಗಿ ಬರತಾವು. ಒಂದು, ಕೋಲ್ಡ್ ಸ್ಟೋರೇಜಿನ ಥರ ಸೊನ್ನೆ ಡಿಗ್ರಿ ಹತ್ತಿರ. ಇಲ್ಲಾ ಅಂದ್ರ ನಮ್ಮ ಅಟ್ಟದ ಥರ 25-30 ಡಿಗ್ರಿ ಬೆಚ್ಚಗ, ಒಣಗ. ನಡುವಿನ 10-20 ಡಿಗ್ರಿಯಾಗನೇ ಅದಕ್ಕ ಎಚ್ಚರ ಆಗಿ ಮೊಳಕಿ ಒಡಿಯೋದು. ಮನಿ ಫ್ರಿಜ್ಜಿನಾಗ ಅರ್ಧಂಬರ್ಧ ಥಂಡಿ, ಮ್ಯಾಲೆ ಹಸಿ ತರಕಾರಿ ಜೋಡಿ ಇಟ್ಟು ತೇವ. ಆಮ್ಯಾಲೆ ಮೊಳಕಿ ಬಂತು, ಮೆತ್ತಗಾತು ಅಂತ ಗಡ್ಡಿಗೆ ಬೈಯೋದು. ಉಳ್ಳಾಗಡ್ಡಿಗೆ ಸೆಕೆ ವೈರಿ ಅಲ್ಲ ಅಕ್ಕಾ, ತೇವ ವೈರಿ. ಪ್ಲಾಸ್ಟಿಕ್ ಚೀಲನೂ ಅದೇ ಕೆಲಸ ಮಾಡತೈತಿ, ಗಡ್ಡಿ ತನ್ನ ಉಸುರಿಗೇ ತಾನು ಬೆವತು ಕೊಳೀತೈತಿ. ಆಲೂಗಡ್ಡಿ ಜೋಡಿ ಒಂದೇ ಬುಟ್ಟಿಯಾಗ ಇಡೋದನ್ನೂ ಬಿಡ್ರಿ. ಅದರ ತೇವ ಇದಕ್ಕ ಆಗಿಬರಲ್ಲ.

ಇಡೋದು ಹೆಂಗ ಅಂದ್ರ, ನೆಲದ ಮ್ಯಾಲೆ ಅಲ್ಲ, ನೆಲದಿಂದ ಎತ್ತರಕ್ಕ. ಬಿದಿರ ತಟ್ಟಿ ಆಗಲಿ, ಹಳೇ ಮಂಚದ ಮ್ಯಾಲೆ ಕಟ್ಟಿಗಿ ಪಟ್ಟಿ ಆಗಲಿ, ಕೆಳಗಿಂದ ಗಾಳಿ ಬರಬೇಕು. ಒಂದು ಮೊಳಕ್ಕಿಂತ ಎತ್ತರ ಒಟ್ಟಬ್ಯಾಡ್ರಿ. ಜಾಗ ಇಲ್ಲದವರು ಕುಮಟಾದವರಂಗ ಜಡಿ ಹೆಣದು ಪಡಸಾಲಿ ತೊಲಿಗೆ ಕಟ್ರಿ. ಹದಿನೈದು ದಿನಕ್ಕೊಮ್ಮೆ ಕೈಯಾಡಿಸಿ ಮೆತ್ತಗಾದದ್ದು ತಗೀರಿ. ಹೊಲದ ಬೆಳಿನೇ ಇಡೋ ಮನಿಯವರಾದ್ರ ತೋಟಗಾರಿಕೆ ಇಲಾಖೆಯಾಗ ಉಳ್ಳಾಗಡ್ಡಿ ಶೇಖರಣೆ ಮನಿ ಕಟ್ಟಾಕ ಸಹಾಯಧನ ಐತಿ, ಹೋಗಿ ಕೇಳ್ರಿ. ನೀವೇ ಹೋಗ್ರಿ, ಪಹಣಿ ಯಾರ ಹೆಸರಿಲೆ ಇದ್ರೂ ಕೇಳಾಕ ಬಾಯಿ ನಮ್ಮದೇ ಐತಲ್ಲ.

ಸಿಪ್ಪಿ ಕೆಳಗ ಕರೀ ಪುಡಿ ಬಂದ್ರ ಹೌಹಾರಬ್ಯಾಡ್ರಿ. 2021ರಾಗ ಕೊರೊನಾ ಮುಂದ ಇದೇ ಬ್ಲ್ಯಾಕ್ ಫಂಗಸ್ ಅಂತ ವಾಟ್ಸಾಪಿನಾಗ ಹಬ್ಬಿಸಿ, ಎಷ್ಟೋ ಮಂದಿ ಬುಟ್ಟಿಗಟ್ಟಲೆ ತಿಪ್ಪಿಗೆ ಒಗದರು. ಆ ಕಾಯಿಲೆ ಬೂಷ್ಟು ಬ್ಯಾರೆ, ಉಳ್ಳಾಗಡ್ಡಿ ಕರೀ ಬೂಷ್ಟು ಬ್ಯಾರೆ. ಗಡ್ಡಿ ಗಟ್ಟಿ ಇದ್ರ ಆ ಪದರ ಸುಲದು, ತೊಳದು ಅಡಗಿಗೆ ಹಾಕ್ರಿ. ಒಳತನಕ ಹೋಗಿ ಮೆತ್ತಗಾಗಿ ನಾರತಿದ್ರ ಮಾತ್ರ ಒಗೀರಿ.

ಹೊಲ ಇಲ್ಲದ ಅಕ್ಕಂದಿರೂ ಇದರಾಗ ಅದಾರ. ನಮ್ಮ ಓಣಿಯಾಗ ಅಂಥವರೇ ಜಾಸ್ತಿ. ನೀವು ಏಪ್ರಿಲ್‌ದಾಗ ಹಿಂಗಾರಿ ಗಡ್ಡಿ ಬಂದಾಗ ಬೆಳದವರ ಹತ್ತಿರನೇ ಒಂದು ಚೀಲ ತಗೋರಿ. ಒಬ್ಬರಿಗೆ ಭಾರ ಆದ್ರ ಇಬ್ಬರು ಕೂಡಿ ತಗೋರಿ. ಪ್ರತಿ ವರ್ಷ ಆಗಸ್ಟಿನಿಂದ ನವೆಂಬರ್ ತನಕ ಹಳೇದು ತೀರತಿರತೈತಿ, ಹೊಸಾದು ಬಂದಿರಲ್ಲ. ರೇಟು ಜಿಗಿಯೋದು ಆಗಲೇ, ಮುಂಗಾರಿ ಮಳಿಗೆ ಕೆಟ್ಟಿತೋ ಕೇಳೋದೇ ಬ್ಯಾಡ. ಬೆಳದವರಿಗೂ ದಲಾಲಿ, ಬಾಡಿಗಿ ಉಳೀತೈತಿ, ನಿಮಗೂ ಉಳೀತೈತಿ.

ಇದಕ್ಕ ಎದುರು ಮಾತು ಬರತೈತಿ, ನನಗ ಗೊತ್ತು. “ಬ್ಯಾಸಗಿಯಾಗ ನೀರು ಎಲ್ಲಿಂದ ತರೋದು?” ಅಂತಾರ. ಎಕರೆಗೆ ನೀರು ಕೇಳಿಲ್ಲ ನಾನು, ಅರ್ಧ ಗುಂಟೆಗೆ ಕೇಳೀನಿ. ಅಕ್ಕಿ ತೊಳದ ನೀರು, ಕಾಯಿಪಲ್ಯ ತೊಳದ ನೀರು ಕೂಡಿಸಿ, ಮ್ಯಾಲೆ ವಾರಕ್ಕೊಮ್ಮೆ ನಳದ್ದೋ ಬೋರಿಂದೋ ಒಂದಿಷ್ಟು ಬಿಟ್ರ ನಡೀತೈತಿ. ಮಲ್ಲಿಗಿ ಗಿಡಕ್ಕ ನೀರು ಹೊಂದಸತೀವಿ, ಉಳ್ಳಾಗಡ್ಡಿಗೆ ಹೊಂದಸಾಕ ಬರಲ್ಲೇನು? ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಅನ್ನೋ ಗಾದಿ ನಮ್ಮೂರಿಗೇ ಬರಬಾರದು ನೋಡ್ರಿ.

“ಪ್ಯಾಟಿಯಾಗ ಸಿಗತೈತಿ, ಇಷ್ಟೆಲ್ಲ ತ್ರಾಸು ಯಾಕ?” ಅಂತಾರ. ಸಿಗತೈತಿ, ಅವರ ರೇಟಿಗೆ ಸಿಗತೈತಿ. ಮತ್ತ ತ್ರಾಸು ಅಂದವರು ಯಾರು ಅಂತ ತಿರುಗಿ ನೋಡ್ರಿ. ಕಳೆ ತಗದು ನಡ ನೋವು ಮಾಡಿಕೊಂಡವರಲ್ಲ, ಬಾಡಿಗಿ ಲೆಕ್ಕ ಮಾಡಿದವರು. ನಮ್ಮ ಕೈಕೆಲಸದ ಬೆಳಿಯಾಗ ನಮ್ಮ ಅಡಗಿಮನಿಗೆ ಎರಡು ಚೀಲ ಕೇಳೋದು ಭಿಕ್ಷೆ ಅಲ್ಲ, ಪಾಲು.

ಕಡೀಕ ಬೀಜದ ಮಾತು, ಇದನ್ನ ಮರೀಬ್ಯಾಡ್ರಿ. ಅಟ್ಟದಾಗ ಇಟ್ಟ ಗಡ್ಡಿಯಾಗ ದೀಪಾವಳಿ ತನಕ ಕೊಳಿಯದೆ, ಮೊಳಿಯದೆ, ಗಟ್ಟಿಯಾಗಿ ಉಳದದ್ದು ಒಂದು ಹತ್ತಿಪ್ಪತ್ತು ಇದ್ದೇ ಇರತಾವು. ಅವನ್ನ ತಿನ್ನಬ್ಯಾಡ್ರಿ. ನವೆಂಬರ್‌ದಾಗ ಮಡಿಯಾಗ ಊರ್ರಿ. ದಂಟು ಬಿಟ್ಟು, ಬಿಳಿ ಚೆಂಡಿನಂಥಾ ಹೂವಾಗಿ, ಬ್ಯಾಸಗಿಗೆ ಕರೀ ಬೀಜ ಕಟ್ಟತಾವು. ಜೇನುಹುಳ ಬ್ಯಾರೆ ತಳಿಯ ಹೂವಿನಿಂದ ಪರಾಗ ತರತಾವು, ಅದಕ್ಕ ಎರಡು ತಳಿ ಬಾಜುಬಾಜು ಹೂ ಬಿಡಾಕ ಬಿಡಬ್ಯಾಡ್ರಿ. ಆ ಬೀಜ ಬೂದಿ ಡಬ್ಬಿಯಾಗೋ, ಬಿಗಿ ಮುಚ್ಚಳದ ಬಾಟಲಿಯಾಗೋ ಒಣಗಿಡ್ರಿ. ನಾಕೈದು ವರ್ಷ ಹಿಂಗ ಆರಿಸಿ ಆರಿಸಿ ಮಾಡಿದ್ರ, ಹೆಚ್ಚು ದಿನ ಇರೋ ಗುಣದ ಗಡ್ಡಿ ನಿಮ್ಮ ಹಿತ್ತಲದಾಗೇ ಕೂಡಿಬರತೈತಿ. ಸಂಶೋಧನಾ ಕೇಂದ್ರದವರು ಮಾಡೋದರ ಮೂಲನೂ ಇದೇ ಆರಿಸೋ ಕೆಲಸ. ಆರಿಸೋದರಾಗ ನಮ್ಮನ್ನ ಮೀರಿಸೋರು ಯಾರದಾರ?

ಈ ಸಲ ದೀಪಾವಳಿ ಹೊತ್ತಿಗೆ ಮಡಿ ಮಾಡ್ರಿ. ಬೀಜ ತರಾಕ ರೊಕ್ಕ ಕೇಳೋ ಮುಂದ “ಉಳ್ಳಾಗಡ್ಡಿ ಹಾಕಲೇನು?” ಅಂತ ಕೇಳಬ್ಯಾಡ್ರಿ, “ಹಾಕತೀನಿ” ಅಂತ ಹೇಳ್ರಿ. ಏಪ್ರಿಲ್‌ದಾಗ ಯಾರ ಅಟ್ಟದಾಗ ಎಷ್ಟು ಕಿಲೋ ಕೂತಾವು, ಸೆಪ್ಟೆಂಬರ್‌ದಾಗ ಎಷ್ಟು ಉಳದಾವು, ಲೆಕ್ಕ ಬರದಿಟ್ಟು ನನಗೂ ಹೇಳ್ರಿ. ಲಗ್ನದ ಮನಿಯಾಗ ಮತ್ತ ಯಾರರ ಸಿಹಿ ಉಳ್ಳಾಗಡ್ಡಿ ಅಂದ್ರ, ನಿಮ್ಮ ಅಟ್ಟದ ಗಡ್ಡಿ ಒಂದು ಗುದ್ದಿ ಒಡದು, ಜ್ವಾಳದ ರೊಟ್ಟಿ ಜೋಡಿ ಅವರ ತಾಟಿಗೆ ಹಾಕ್ರಿ.